ಎರಡು ವಾರಕ್ಕೆ ತಂದ ತಕ್ಕಡಿ

ಅಂತ್ಯಕ್ರಿಯೆಗೆ ಬಂದಿದ್ದ ಕೊನೆಯ ನೆಂಟರು ಶನಿವಾರ ಸಂಜೆ ಹೊರಟುಹೋದರು. ಭಾನುವಾರ ಬೆಳಿಗ್ಗೆ ಬಚ್ಚಲಿನಿಂದ ನಲ್ಲಿ ಭರ್ರೆಂದು ಸುರಿಯುವ ಸದ್ದು ಬಂತು. ಎಂಟು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದ ಸದ್ದು. ಮಾವ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಿಸಿನೀರು ಬರುವ ತನಕ ತಣ್ಣೀರನ್ನು ಮೋರಿಗೆ ಬಿಟ್ಟಿದ್ದರು. ಅಡುಗೆಮನೆಯಲ್ಲಿ ಅತ್ತೆ ಕತ್ತೆತ್ತಿದರು. ಸೊಸೆಯೂ ಕತ್ತೆತ್ತಿದಳು. ಅರ್ಧ ನಿಮಿಷದಲ್ಲಿ ಸದ್ದು ನಿಂತಿತು. ಬಕೆಟ್ಟು ನೆಲಕ್ಕೆ ತಾಗಿತು. ಆಮೇಲೆ ನೀರು ಬಕೆಟ್ಟಿಗೆ ಬೀಳತೊಡಗಿತು.

"ಅಷ್ಟಾದರೂ ಜ್ಞಾಪಕ ಬಂತಲ್ಲ ಮುದುಕರಿಗೆ," ಎಂದರು ಅತ್ತೆ.

ಆ ತಣ್ಣೀರು ಗಿಡಗಳಿಗೆ ಎನ್ನುವುದು ಮಗನ ಕಟ್ಟಪ್ಪಣೆ. ಮಗ ನಗರಸಭೆಯ ಸದಸ್ಯ. ಎರಡು ಸಲ ಗೆದ್ದವನು. ಕಾಲುವೆಯ ಮೇಲೆ ಚಪ್ಪಡಿ ಹಾಸಿ ಕಾರು ನಿಲ್ಲಿಸುವ ಯೋಜನೆಯನ್ನು ಒಂಟಿಯಾಗಿ ನಿಂತು ತಡೆದವನು. ಊರಿಗೆ ಹೇಳುವುದನ್ನು ಮೊದಲು ಮನೆಯಲ್ಲಿ ಮಾಡಿ ತೋರಿಸಬೇಕು ಎನ್ನುವುದು ಅವನ ರಾಜಕೀಯ. ಹಾಗಾಗಿ ಮನೆಯವರಿಗೆ ಅವನ ಭಾಷಣ ಕೇಳುವ ಕಷ್ಟ ಇರಲಿಲ್ಲ, ಅದರೊಳಗೇ ವಾಸವಿದ್ದರು. ಮಂಗಳವಾರ ನಗರಸಭೆಯ ಮೆಟ್ಟಿಲು ಹತ್ತುತ್ತ ಕುಸಿದು ಕೂತವನು ಏಳಲಿಲ್ಲ. ನಲವತ್ತೊಂದು ವರ್ಷ.

ಸೊಸೆಗೆ ಮೂವತ್ನಾಲ್ಕು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಐದು ದಿನದಿಂದ ಅವಳು ಅತ್ತಿರಲಿಲ್ಲ. ನೆಂಟರು ಅದನ್ನು ಗಮನಿಸಿ, ಬಾಗಿಲ ಸಂದಿಯಲ್ಲಿ ಮಾತಾಡಿಕೊಂಡು ಹೋಗಿದ್ದರು.

"ಅಮ್ಮಾ," ಎಂದಳು ಒಂಬತ್ತು ವರ್ಷದ ಮಗಳು. ಕೈಕಾಲು ಒಂದು ಕಡೆ ನಿಲ್ಲದ ಅವಳನ್ನು ಎಲ್ಲರೂ ಚೂಟಿ ಎಂದೇ ಕರೆಯುವುದು. "ಇವತ್ತು ಭಾನುವಾರ. ತೂಗಬೇಕಲ್ವಾ?"

ಹಿತ್ತಿಲ ಬಾಗಿಲ ಮೇಲಿನ ಮೊಳೆಗೆ ಕೊಕ್ಕೆ ತಕ್ಕಡಿ ನೇತಾಡುತ್ತಿತ್ತು. ಗಡಿಯಾರದಂಥ ದುಂಡು ಮುಖ, ಕೆಂಪು ಮುಳ್ಳು, ಕೆಳಗೆ ಕೊಕ್ಕೆ. ಅದು ಈ ಮನೆಯದ್ದಲ್ಲ. ಈರುಳ್ಳಿ ಆಲೂಗಡ್ಡೆಯ ಸಗಟು ವ್ಯಾಪಾರಿಯೊಬ್ಬರು ನಗರಸಭೆಯಲ್ಲಿ ಸೊಸೆಯ ಗಂಡನ ಎದುರು ಬೆಂಚಿನಲ್ಲಿ ಕೂರುತ್ತಿದ್ದರು. ಊರಿಗೆಲ್ಲ ಈರುಳ್ಳಿ ಯಜಮಾನರು. ಇವನು ಏನು ಹೇಳಿದರೂ ಅವರು ಎದ್ದು ನಿಲ್ಲುವುದು ವಾಡಿಕೆ. "ನಮ್ಮ ಮನೆ ಕಸ ವಾರಕ್ಕೆ ಎರಡು ಕಿಲೋ ದಾಟಲ್ಲ" ಎಂದು ಇವನು ಒಮ್ಮೆ ಸಭೆಯಲ್ಲಿ ಎದೆ ತಟ್ಟಿಕೊಂಡಾಗ, "ನಿನ್ನ ಮಾತನ್ನ ತೂಗೋಕೆ ನನ್ನ ತಕ್ಕಡೀನೇ ಬೇಕು, ತೊಗೊಂಡು ಹೋಗು" ಎಂದಿದ್ದರು ಯಜಮಾನರು. ಇವನು ಅವತ್ತೇ ಮಂಡಿಗೆ ಹೋಗಿ ಎರಡು ವಾರಕ್ಕೆಂದು ಇಸಕೊಂಡು ಬಂದ. ಅದಾಗಿ ನಾಲ್ಕು ವರ್ಷ.

ಅಡುಗೆಮನೆಯ ಹಸಿಕಸ ಗೊಬ್ಬರದ ಡ್ರಮ್ಮಿಗೆ ಹೋಗುತ್ತಿತ್ತು. ಉಳಿದದ್ದನ್ನು ಒಂದೇ ಚೀಲದಲ್ಲಿ ಕಟ್ಟಿ, ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ತೂಗಬೇಕು. ತೂಗುವವನು ಅಪ್ಪ, ಕ್ಯಾಲೆಂಡರಿನ ಚೌಕದಲ್ಲಿ ಬರೆಯುವವಳು ಚೂಟಿ. ಒಂದೂಮುಕ್ಕಾಲು. ಒಂದೂವರೆ. ಒಂದೂಮುಕ್ಕಾಲು. ಎರಡು ಬಂದ ವಾರ ಅವನು ಕೋರ್ಟಿನಲ್ಲಿ ಸೋತವನ ಮುಖ ಮಾಡಿಕೊಂಡು ತಿಂಡಿಗೆ ಕೂರುತ್ತಿದ್ದ.

ಸೊಸೆ ಚೀಲ ಎತ್ತಿ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಸರ್ರನೆ ಓಡಿತು.

"ಏಳೂಕಾಲು!" ಎಂದಳು ಚೂಟಿ.

"ಸಾವಿನ ಮನೆ ಅಂದಮೇಲೆ ಬಂದೋರು ಹೋದೋರು, ಲೋಟ, ಹೂವಿನ ಪ್ಲಾಸ್ಟಿಕ್ಕು... ಬರೀಬೇಡ ಬಿಡೇ ಅದನ್ನ," ಎಂದರು ಅತ್ತೆ.

"ಅಪ್ಪ ಯಾವ ವಾರಾನೂ ಬಿಟ್ಟಿಲ್ಲ ಅಜ್ಜಿ."

ಚೂಟಿ ಬರೆದಳು.

*

ಬುಧವಾರ ಸಂಜೆ ಟೀಚರಮ್ಮ ಬಂದರು. ಗಂಡನದೇ ಪಕ್ಷದ ಇನ್ನೊಬ್ಬ ಸದಸ್ಯೆ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಕೂರುವ ಮೊದಲೇ ಕನ್ನಡಕ ಒರೆಸಿಕೊಂಡರು.

"ಬರೋ ತಿಂಗಳ ಮೊದಲ ಸೋಮವಾರ ಸಭೆ ಇದೆಯಮ್ಮ. ಅವನ ತೂಕದ ನಿಯಮ ಮತಕ್ಕೆ ಬರುತ್ತೆ. ಅವನ ಹೆಸರೇ ಇಡೋಣ ಅಂತ ಮಾತಾಗಿದೆ. ಈಗ ಯಾರೂ ಬೇಡ ಅನ್ನೋ ಧೈರ್ಯ ಮಾಡಲ್ಲ."

ನಿಯಮ ಸರಳ. ಪ್ರತಿ ಮನೆಯ ಒಣಕಸ ವಾರಕ್ಕೆ ಎರಡು ಕಿಲೋ ತನಕ ಪುಕ್ಕಟೆ. ಅದರ ಮೇಲೆ ಹೋದರೆ ದಂಡ.

"ಎರಡು ಕಿಲೋ ಸಾಕಾಗುತ್ತಾ ಮೇಡಂ?" ಎಂದು ಮಾವ ಕೇಳಿದರು. ಅವರು ಬಸ್ಸು ಓಡಿಸಿ ನಿವೃತ್ತರಾದವರು. ಡೀಸೆಲ್ ಬಸ್ಸುಗಳನ್ನು ನಿಲ್ಲಿಸಬೇಕೆಂದು ಮಗ ಸಭೆಯಲ್ಲಿ ಹೇಳಿದ ದಿನ ರಾತ್ರಿ ಊಟ ಬಿಟ್ಟು ಮಲಗಿದ್ದರು. ಮೂರು ವರ್ಷದ ಮೇಲೆ ಊರಿಗೆ ಕರೆಂಟಿನ ಬಸ್ಸು ಬಂದಾಗ ಮೊದಲ ದಿನವೇ ಟಿಕೆಟ್ ತೆಗೆದು ಕೊನೆಯ ನಿಲ್ದಾಣದ ತನಕ ಹೋಗಿಬಂದು, "ಬ್ರೇಕು ಚೆನ್ನಾಗಿದೆ" ಎಂದಷ್ಟೇ ಹೇಳಿದ್ದರು.

"ಸಾಕಾಗದೆ ಏನು? ಐದು ಜನರ ಈ ಮನೇಲೇ ಸಾಕಾಗಿದೆಯಲ್ಲ! ನಿಮ್ಮನೆ ಕ್ಯಾಲೆಂಡರ್ ಮೇಲೇ ಇಡೀ ನಿಯಮ ನಿಂತಿರೋದು. ಆ ಕ್ಯಾಲೆಂಡರನ್ನ ಸಭೇಲಿ ತೋರಿಸಬೇಕು ಅಂತ ನನ್ನಾಸೆ. ನೀನೂ ಬಂದು ಎರಡು ಮಾತಾಡಮ್ಮ."

"ನೋಡ್ತೀನಿ," ಎಂದಳು ಸೊಸೆ. ಈ ದಿನಗಳಲ್ಲಿ ಅವಳು ಯಾರಿಗೂ ಅದಕ್ಕಿಂತ ಉದ್ದದ ಉತ್ತರ ಕೊಡುತ್ತಿರಲಿಲ್ಲ.

ಟೀಚರಮ್ಮ ಹೊರಡುವಾಗ ಪಕ್ಕದ ಮನೆಯ ಕಡೆ ಕೈ ತೋರಿಸಿ ದನಿ ತಗ್ಗಿಸಿದರು. "ಆ ಟೈಲರ್ ಮನೇದೇ ಅಲ್ವಾ ಅವನು ಯಾವಾಗಲೂ ಹೇಳ್ತಿದ್ದದ್ದು? ಗಂಡ ಹೆಂಡತಿ ಇಬ್ಬರೇ, ವಾರಕ್ಕೆ ಆರು ಕಿಲೋ ಅಂತ. ಅಂಥವರಿಗೆ ಬಿಸಿ ಮುಟ್ಟಬೇಕು."

ಅತ್ತೆ ಲೋಟಗಳನ್ನು ಬೇಗಬೇಗ ಎತ್ತಿಕೊಂಡು ಒಳಗೆ ಹೋದರು.

*

ಎರಡನೆಯ ಭಾನುವಾರ ಐದೂಮುಕ್ಕಾಲು ಬಂತು.

ಸೊಸೆ ಚೀಲ ಇಳಿಸಿ, ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿ, ಮತ್ತೆ ತೂಗಿದಳು. ಐದೂಮುಕ್ಕಾಲೇ. ಈ ವಾರ ನೆಂಟರಿಲ್ಲ, ಹೂವಿಲ್ಲ. ಪ್ರಯೋಗಾಲಯದಲ್ಲಿ ಇಂಥ ಅಂಕಿ ಬಂದರೆ ಮೊದಲು ಉಪಕರಣ ನೋಡಬೇಕು, ಆಮೇಲೆ ಮಾದರಿ ತಂದವರನ್ನು ಕೇಳಬೇಕು. ಅವಳು ಒಂದು ಕಿಲೋ ಸಕ್ಕರೆ ಪೊಟ್ಟಣ ನೇತುಹಾಕಿದಳು. ತಕ್ಕಡಿ ಒಂದು ಕಿಲೋ ಎಂದಿತು.

ತಟ್ಟೆಗಳಿಗೆ ಬ್ರೆಡ್ಡು, ಮೊಟ್ಟೆ ಬಡಿಸಿ ಕೂತಮೇಲೆ ಕೇಳಿದಳು. ಆ ಹನ್ನೆರಡು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

"ಅತ್ತೆ, ಮಾವ, ಒಂದು ವಿಷಯ. ಐದು ಜನ ಇದ್ದಾಗ ಒಂದೂಮುಕ್ಕಾಲು. ಒಬ್ಬರು ಕಮ್ಮಿಯಾದ ಮನೇಲಿ ಕಸ ಮೂರರಷ್ಟು ಹೇಗಾಯ್ತು?"

ಮಾವ ಬ್ರೆಡ್ಡಿನ ಅಂಚನ್ನು ಬಲು ಅಚ್ಚುಕಟ್ಟಾಗಿ ಬಿಡಿಸತೊಡಗಿದರು.

"ಇವಳು ದಿನಾ ಅಂಗಡಿಯಿಂದ ಪೊಟ್ಟಣ ತರಿಸಿದರೆ ಇನ್ನೇನಾಗುತ್ತೆ?" ಎಂದರು ಕೊನೆಗೆ.

"ನಾನು ತರಿಸೋದು! ತಿನ್ನೋರು ಯಾರು? ಹುರಿಗಡಲೆ ಪೊಟ್ಟಣ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗೋರು ಯಾರು?"

"ಅದರ ಕಾಗದಾನ ನಾನು ಈ ಮನೇಲಿ ಯಾವತ್ತು ಬಿಸಾಕಿದೀನಿ? ಎಲ್ಲಾ ಬಸ್ ಡಿಪೋಗೆ ಹೋಗ್ತಿತ್ತು!"

ಮಾತು ಬಾಯಿಂದ ಜಾರಿತ್ತು. ಎಲ್ಲರೂ ಅವರತ್ತ ತಿರುಗಿದರು.

"ಡಿಪೋಗಾ?" ಎಂದಳು ಸೊಸೆ.

"ಹರಟೆಗೆ ಹೋಗ್ತಿದ್ನಲ್ಲಮ್ಮ, ಶನಿವಾರ ಶನಿವಾರ. ಹೋಗ್ತಾ ಒಂದು ಕೈಚೀಲ. ಹಳೇ ಪೇಪರು, ಸೀಸೆ, ನನ್ನ ಕಾಲುನೋವಿನ ಪಟ್ಟಿ... ಅಲ್ಲಿ ದೊಡ್ಡ ತೊಟ್ಟಿ ಇದೆ. ಹುಡುಗ ಭಾನುವಾರ ಆ ಮುಖ ಮಾಡ್ಕೊಂಡು ಕೂರೋದನ್ನ ನೋಡೋಕಾಗ್ತಿರಲಿಲ್ಲ ನನಗೆ. ಈ ಎರಡು ವಾರ ಹೋಗಿಲ್ಲ. ಹೋಗೋಕೆ ಮನಸ್ಸಾಗಲಿಲ್ಲ."

ಅತ್ತೆ ಸೌಟನ್ನು ತಟ್ಟೆಯ ಮೇಲೆ ಕುಕ್ಕಿದರು. "ನೋಡು ನೋಡು, ನಾಲ್ಕು ವರ್ಷ ಪಕ್ಕದಲ್ಲಿ ಮಲಗಿ ಒಂದು ಮಾತು ಹೇಳಲಿಲ್ಲ ಈ ಮನುಷ್ಯ! ಗೊತ್ತಿದ್ದಿದ್ರೆ ನಾನು ಆ ಟೈಲರಮ್ಮನ ಮುಂದೆ ಹಲ್ಲುಗಿಂಜೋದು ತಪ್ತಿತ್ತು."

"ಟೈಲರಮ್ಮನ ಮುಂದೆ ಯಾಕೆ ಅತ್ತೆ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವಳ ಬುಟ್ಟಿಗೆ ಹಾಕ್ತಿದ್ದೆ ಕಣೇ. ಶನಿವಾರ ಮಧ್ಯಾಹ್ನ, ಕಾಂಪೌಂಡಿನ ಮೇಲಿಂದ. ಎಣ್ಣೆ ಡಬ್ಬ, ಹಾಲಿನ ಕವರು, ಒಡೆದದ್ದು ಹರಿದದ್ದು. ಅವಳೇ ಮೊದಲು ಕೈ ಚಾಚಿದ್ದು. ಕೊಡಿ ಅಕ್ಕ, ಹೇಗಿದ್ರೂ ನಮ್ಮದು ಬಟ್ಟೆ ಚೂರಿನ ರಾಶಿ, ಇದೊಂದಿಷ್ಟು ಹೆಚ್ಚೇ ಅಂತ. ಈ ಎರಡು ವಾರ ನಾನೂ ಆ ಕಡೆ ಹೋಗಲಿಲ್ಲ."

"ಎಷ್ಟಿರುತ್ತಿತ್ತು?"

"ನಾನೇನು ತೂಗಿ ಹಾಕ್ತಿದ್ನಾ!"

"ನಾನು ಪೆನ್ಸಿಲ್ ಹೊಟ್ಟು, ರಟ್ಟು ಎಲ್ಲ ಸ್ಕೂಲಿಗೆ ತೊಗೊಂಡು ಹೋಗ್ತಿದ್ದೆ," ಎಂದಳು ಚೂಟಿ, ತಾನೊಬ್ಬಳೇ ಹಿಂದೆ ಬೀಳಬಾರದೆಂಬಂತೆ. "ಬಣ್ಣದ ಡಬ್ಬಾನೂ."

ಈಗ ಮೂವರೂ ಸೊಸೆಯನ್ನು ನೋಡಿದರು. ಅವಳು ಮೊಟ್ಟೆಯನ್ನು ನಾಲ್ಕು ಸಮಭಾಗ ಮಾಡಿದಳು. ಶಾಂಪೂ ಪ್ಯಾಕೆಟ್ಟು, ಮಾತ್ರೆಯ ಹಾಳೆ, ಮುರಿದ ಬಾಚಣಿಗೆ. ಊಟದ ಡಬ್ಬಿಯ ಚೀಲದಲ್ಲಿ ಅವೆಲ್ಲ ದಿನವೂ ಪ್ರಯೋಗಾಲಯದ ಬುಟ್ಟಿ ಸೇರುತ್ತಿದ್ದವು. ವಾರಕ್ಕೆ ಇನ್ನೂರು ಗ್ರಾಂ ಎಂದು ಅಂದಾಜು ಮಾಡಿದ್ದಳು. ಅಷ್ಟು ವ್ಯತ್ಯಾಸ ಯಾವ ಅಳತೆಯಲ್ಲೂ ಇದ್ದದ್ದೇ ಎಂದು ತನ್ನನ್ನು ತಾನೇ ಕ್ಷಮಿಸಿಕೊಂಡಿದ್ದಳು.

"ನಾನೂ," ಎಂದಳು.

ಮಾವ ಮೊದಲು ನಕ್ಕರು. ನಗು ತಡೆಯಲು ಹೋಗಿ ಕೆಮ್ಮು ಬಂತು. "ಅಬ್ಬಾ! ಊರಿಗೆಲ್ಲ ಉಪದೇಶ ಮಾಡೋ ಸದಸ್ಯರ ಮನೇಲಿ ನಾಲ್ಕು ಜನ ಕಳ್ಳರು!"

"ಮೆತ್ತಗೆ ನಗ್ರೀ, ಅಕ್ಕಪಕ್ಕ ಏನಂದುಕೊಂಡಾರು," ಎಂದು ಗದರಿಸಿದ ಅತ್ತೆಯ ಹೊಟ್ಟೆಯೂ ಕುಲುಕುತ್ತಿತ್ತು.

ಸೊಸೆ ನಗಲಿಲ್ಲ. ಆದರೆ ಅವತ್ತು ತಟ್ಟೆಯಲ್ಲಿ ಏನೂ ಬಿಡದೆ ತಿಂದಳು.

*

ನಗು ಒಂದು ದಿನ ಬಾಳಿತು. ಮಂಗಳವಾರ ಸೊಸೆ ಟೀಚರಮ್ಮನಿಗೆ ಫೋನ್ ಮಾಡಿ ಇದ್ದದ್ದು ಹೇಳಿದಳು.

"ಇದನ್ನ ಇನ್ಯಾರಿಗೂ ಹೇಳಿಲ್ಲ ತಾನೆ?" ಎಂದರು ಟೀಚರಮ್ಮ. "ಮೊದಲು ಪಾಸಾಗಲಿ. ಆರು ತಿಂಗಳು ಬಿಟ್ಟು ತಿದ್ದಿಕೊಳ್ಳೋಣ. ಈಗ ಬಾಯಿಬಿಟ್ಟರೆ ಈರುಳ್ಳಿ ಯಜಮಾನರು ಅವನ ಹೆಸರನ್ನ ಸಿಪ್ಪೆ ಸುಲಿದ ಹಾಗೆ ಸುಲೀತಾರೆ."

ಸಂಜೆ ಅತ್ತೆ ಅಕ್ಕಿ ಆರಿಸುತ್ತ ಅದನ್ನೇ ಹೇಳಿದರು. ಈಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಮನೆ ಮಾತು ಮನೇಲಿರಲಿ. ಹೋದೋನ ಮೇಲೆ ಊರು ನಗೋದು ಬೇಡ. ನನ್ನ ಮಗ ಸುಳ್ಳ ಅನ್ನಿಸಿಕೊಳ್ಳೋದು ಬೇಡ."

"ಅವರು ಸುಳ್ಳು ಹೇಳಲಿಲ್ಲ ಅತ್ತೆ. ಅವರಿಗೆ ಗೊತ್ತಿರಲಿಲ್ಲ."

"ಊರಿಗೆ ಆ ವ್ಯತ್ಯಾಸ ತಿಳಿಯುತ್ತಾ?"

"ಟೈಲರಮ್ಮನಿಗೆ ದಂಡ ಬೀಳುತ್ತೆ. ನಮ್ಮ ಕಸಕ್ಕೆ."

"ಅವಳೇ ಏನೂ ಅನ್ನಲ್ಲ, ನಿನಗೇನು?"

"ಅದಕ್ಕೇ."

"ಓದಿದೋಳು ಕಣಮ್ಮ ನೀನು, ನಿನಗೆ ಅಂಕಿ ಮುಖ್ಯ. ಕಣ್ಣಲ್ಲಿ ಒಂದು ಹನಿ ನೀರು ನೋಡಲಿಲ್ಲ ನಾನು ಇವತ್ತಿನ ತನಕ."

ಸೊಸೆ ಎದ್ದು ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ಆಡಿದ ಮಾತು ಅತ್ತೆಗೇ ಹೆಚ್ಚು ಚುಚ್ಚಿತು. ಆ ಸಂಜೆ ಒಂದೇ ಅಕ್ಕಿಯನ್ನು ಎರಡು ಸಲ ಆರಿಸಿದರು.

ಶುಕ್ರವಾರ ಚೂಟಿ ಶಾಲೆಯಿಂದ ಬಂದವಳು ತನ್ನ ಚೀಲ ಹರಿದಿದೆಯೆಂದು ಅಪ್ಪನ ಬಟ್ಟೆಯ ಚೀಲ ಕೇಳಿದಳು. ನಗರಸಭೆಗೆ ಸೈಕಲ್ಲಿನಲ್ಲಿ ಹೋಗುವಾಗ ಅವನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಚೀಲ ಅದು. ಆಸ್ಪತ್ರೆಯವರು ಕೊಟ್ಟಾಗಿನಿಂದ ಕಪಾಟಿನ ಮೇಲೇ ಇತ್ತು. ಸೊಸೆ ಅದನ್ನು ಇಳಿಸಿ ಮಂಚದ ಮೇಲೆ ಸುರಿದಳು. ಸಭೆಯ ಕಾಗದ, ಪಂಕ್ಚರ್ ಡಬ್ಬಿ, ನೀರಿನ ಬಾಟಲಿ. ಒಳಗಿನ ಜೇಬಿನಿಂದ ಚೂಟಿ ದಪ್ಪಗಿನ ಒಂದು ಕಟ್ಟು ಎಳೆದಳು. ರಬ್ಬರ್ ಬ್ಯಾಂಡು ಹಾಕಿದ, ನಾಲ್ಕು ಮಡಿಕೆ ಮಾಡಿದ, ಬಣ್ಣಬಣ್ಣದ ಹೊದಿಕೆಗಳು.

"ಅಮ್ಮಾ! ಕ್ರೀಮ್ ಬಿಸ್ಕತ್ತು!"

ಎಣಿಸಿದಳು. ಮೂವತ್ತೊಂದು. ಸ್ಟ್ರಾಬೆರಿ ಹತ್ತೊಂಬತ್ತು, ಉಳಿದದ್ದು ಚಾಕೊಲೇಟು.

ಪೊಟ್ಟಣ ಕಟ್ಟಿದ ತಿಂಡಿ ಮನೆಗೆ ತರಬಾರದೆಂದು ಈ ಮನುಷ್ಯ ಮದುವೆಯಾದ ಹೊಸತರಲ್ಲಿ ಅವಳ ಜೊತೆ ಮೂರು ದಿನ ಮಾತು ಬಿಟ್ಟಿದ್ದ. ಚೂಟಿಯ ಹುಟ್ಟುಹಬ್ಬಕ್ಕೂ ಬಿಸ್ಕತ್ತನ್ನು ಬೇಕರಿಯಿಂದ ಡಬ್ಬಿಯಲ್ಲಿ ತಂದವನು. ಅವನೂ ಹೊರಗೆಲ್ಲೋ ನಿಂತು ತಿಂದು, ಹೊದಿಕೆಯನ್ನು ಮನೆಯ ಚೀಲಕ್ಕೆ ಹಾಕಲು ಮನಸ್ಸು ಬಾರದೆ, ಬೀದಿಗೆ ಎಸೆಯಲೂ ಮನಸ್ಸು ಬಾರದೆ, ಮಡಿಸಿ ಮಡಿಸಿ ಇಟ್ಟುಕೊಂಡಿದ್ದ.

ಚೂಟಿ ಆಗಲೇ ಹಿತ್ತಿಲ ಬಾಗಿಲಿಗೆ ಓಡಿ ಕಟ್ಟನ್ನು ಕೊಕ್ಕೆಗೆ ಸಿಕ್ಕಿಸಿದ್ದಳು. "ಅಮ್ಮಾ, ಮುಳ್ಳು ಅಲ್ಲಾಡ್ತಾನೇ ಇಲ್ಲ!"

ಸೊಸೆಗೆ ನಗು ಬಂತು. ಗೋಡೆಗೆ ಒರಗಿ ನಕ್ಕಳು. ನಗುತ್ತಲೇ ನೆಲದ ಮೇಲೆ ಕೂತಳು. ಅದು ಯಾವಾಗ ಅಳುವಾಯಿತೋ ಅವಳಿಗೂ ಗೊತ್ತಾಗಲಿಲ್ಲ. ಅಡುಗೆಮನೆಯಿಂದ ಓಡಿಬಂದ ಅತ್ತೆ ಏನಾಯಿತೆಂದು ಕೇಳಲಿಲ್ಲ. ಪಕ್ಕದಲ್ಲಿ ಕೂತು, ಒದ್ದೆ ಕೈಯಲ್ಲೇ ಅವಳ ಬೆನ್ನು ಸವರುತ್ತ, ಕೊಕ್ಕೆಯಲ್ಲಿ ನೇತಾಡುವ ಹೊದಿಕೆಗಳನ್ನು ನೋಡಿದರು.

"ಚಿಕ್ಕಂದಿನಲ್ಲೂ ಹೀಗೇ," ಎಂದರು. "ಬರೀ ಕ್ರೀಮ್ ನೆಕ್ಕಿ ಬಿಸ್ಕತ್ತನ್ನ ನನಗೆ ಕೊಡ್ತಿದ್ದ."

*

ಮೂರನೆಯ ಭಾನುವಾರ ಬೆಳಿಗ್ಗೆ ಅತ್ತೆ ಕಾಂಪೌಂಡಿನ ಹತ್ತಿರ ನಿಂತು ಕೂಗಿದರು. "ಏ ಟೈಲರಮ್ಮ, ನಿನ್ನ ಚೀಲ ತೊಗೊಂಡು ಬಾರೇ ಇಲ್ಲಿ."

ಟೈಲರಮ್ಮ ಸೂಜಿ ಚುಚ್ಚಿದ ಸೆರಗಿನಲ್ಲೇ ಬಂದರು. "ಯಾಕಕ್ಕ, ಮೂರು ವಾರದಿಂದ ನಿಮ್ಮದು ಬಂದಿಲ್ಲ? ನಮ್ಮ ಬುಟ್ಟಿ ಬಿಕೋ ಅನ್ತಾ ಇದೆ."

"ಇನ್ಮೇಲೆ ಬರಲ್ಲ. ನಿನ್ನದನ್ನ ಇಲ್ಲಿ ನೇತುಹಾಕು."

ಮೂರೂವರೆ ಕಿಲೋ. ಮುಕ್ಕಾಲು ಪಾಲು ಬಟ್ಟೆಯ ಚೂರು.

"ಇಷ್ಟೇನಾ?" ಎಂದು ಟೈಲರಮ್ಮನೇ ಬೆರಗಾದರು. "ನಿಮ್ಮ ಮಗ ಆರು ಅಂತಿದ್ರಲ್ಲಕ್ಕ ಸಭೇಲಿ. ನಮ್ಮೆಜಮಾನ್ರು ಪೇಪರಲ್ಲಿ ಓದಿ ಒಂದು ವಾರ ಉರೀತಿದ್ರು."

"ಮತ್ತೆ ನೀನ್ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?"

"ನೀವು ಆ ಕಡೆಯಿಂದ ಕೊಡುವಾಗ ನಿಮ್ಮ ಮುಖ ನೋಡಬೇಕಿತ್ತು ಅಕ್ಕ. ಸ್ಕೂಲಿಗೆ ಚಕ್ಕರ್ ಹಾಕಿದ ಹುಡುಗಿ ಥರ."

ಅತ್ತೆ ತಿರುಗಿ ಸೊಸೆಗೆ ಹೇಳಿದರು, "ಬರಕೋ. ಎರಡು ಮನೇದೂ ಬರಕೋ. ಬರೋ ವಾರಾನೂ ತೂಗು. ಆಮೇಲೆ ಆ ತಕ್ಕಡೀನ ಅದರ ಯಜಮಾನರಿಗೆ ಕೊಟ್ಟು, ಇದ್ದದ್ದನ್ನ ಇದ್ದ ಹಾಗೆ ಹೇಳಿ ಬಾ. ಸಭೇಲಿ ಅವರು ಕೆದಕಿ ತೆಗೆಯೋದಕ್ಕಿಂತ ನಾವೇ ಹೋಗಿ ಹೇಳೋದು ಮೇಲು. ಸುಳ್ಳ ಅಂದರೆ ನನ್ನನ್ನ ಅನ್ನಲಿ. ಕಾಂಪೌಂಡು ದಾಟಿಸಿದೋಳು ನಾನು."

ಟೀಚರಮ್ಮನಿಗೆ ಮಾವನೇ ಫೋನ್ ಮಾಡಿದರು. "ಮೇಡಂ, ಬ್ರೇಕು ಸರಿಯಿಲ್ಲದ ಗಾಡೀನ ರೋಡಿಗೆ ಇಳಿಸಿ ಆಮೇಲೆ ರಿಪೇರಿ ಮಾಡ್ತೀವಿ ಅಂದ್ರೆ ಡ್ರೈವರ್ ಆದವನು ಒಪ್ಪಲ್ಲ," ಎಂದರು. ಟೀಚರಮ್ಮ ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಪೆನ್ನು ಕಾಗದ ಹಿಡಿದುಕೊಂಡು ತಾವೇ ಬಂದರು.

*

ಸಭೆಯ ಸೋಮವಾರ ಬೆಳಿಗ್ಗೆ ಸೊಸೆ ತಕ್ಕಡಿಯನ್ನು ಮೊಳೆಯಿಂದ ಇಳಿಸಿದಳು. ಹಿಡಿಗೆ ಗಂಡ ಹಳೆಯ ಷರ್ಟಿನ ನೀಲಿ ಪಟ್ಟಿ ಸುತ್ತಿದ್ದ, ಕೈಗೆ ಒತ್ತದಿರಲೆಂದು. ಹಿಂದಿನ ದಿನದ ತೂಕ ಐದೂವರೆ. ನಾಲ್ಕು ಭಾನುವಾರದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು, ಎರಡು ವಾರದ್ದು ಟೈಲರಮ್ಮನದೂ ಸೇರಿ.

ಮಂಡಿಯಲ್ಲಿ ಮೂಟೆಗಳು ಚಾವಣಿ ಮುಟ್ಟಿದ್ದವು. ಕಾಲಿಟ್ಟಲ್ಲೆಲ್ಲ ಈರುಳ್ಳಿ ಸಿಪ್ಪೆ ಸರಸರ ಅನ್ನುತ್ತಿತ್ತು. ಈರುಳ್ಳಿ ಯಜಮಾನರು ಸ್ಟೂಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಅವಳನ್ನು ಕಂಡು ಎದ್ದು ನಿಂತರು, ಸಿಪ್ಪೆಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

"ತಕ್ಕಡಿ ತಂದಿದೀನಿ," ಎಂದಳು.

"ಇದಕ್ಕೆ ಇಷ್ಟು ದೂರ ಯಾಕೆ ಬರೋಕೆ ಹೋದೆ ತಾಯಿ. ಅಲ್ಲೇ ಇದ್ದಿದ್ರೆ ಆಗ್ತಿತ್ತು." ಹಾಗೆಂದರೂ ಕೈ ವ್ಯಾಪಾರಿಯದು, ತೊಲೆಯ ಕೊಂಡಿಗೆ ಅದನ್ನು ಸಿಕ್ಕಿಸಿ, ಐದು ಕಿಲೋ ತೂಕದ ಕಲ್ಲು ನೇತುಹಾಕಿ ನೋಡಿದರು. ಮುಳ್ಳು ಐದಕ್ಕೇ ನಿಂತಿತು. "ಸರಿಯಾಗೇ ಇಟ್ಟುಕೊಂಡಿದಾನೆ."

"ತಕ್ಕಡಿ ಸರಿ ಇತ್ತು. ನಮ್ಮ ಚೀಲ ಸರಿ ಇರಲಿಲ್ಲ." ಹಾಳೆ ಕೊಟ್ಟಳು. ಡಿಪೋ, ಕಾಂಪೌಂಡು, ಶಾಲೆ, ಪ್ರಯೋಗಾಲಯ, ಎಲ್ಲವನ್ನೂ ಹೇಳಿದಳು. ಬಿಸ್ಕತ್ತನ್ನೂ ಬಿಡಲಿಲ್ಲ. "ಎರಡು ಕಿಲೋ ಅನ್ನೋದು ತಪ್ಪು. ಆರರ ಆಸುಪಾಸು ನಿಜ. ಇವತ್ತು ಸಂಜೆ ಟೀಚರಮ್ಮ ಅದನ್ನೇ ಓದ್ತಾರೆ. ಈಗ ಆರು ಕಿಲೋ ಅಂತ ಇಟ್ಟು, ಬಟ್ಟೆ ಚೂರನ್ನ ಬೇರೆ ಎತ್ತಿಸಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸೋಣ ಅಂತ. ತಕ್ಕಡಿ ನಿಮ್ಮದು, ನಿಮಗೆ ಮೊದಲು ಹೇಳಬೇಕು ಅನ್ನಿಸ್ತು."

ಯಜಮಾನರು ಹಾಳೆಯನ್ನು ದೂರ ಹಿಡಿದು ಎರಡು ಸಲ ಓದಿದರು.

"ನಮ್ಮ ಮನೇದೂ ತೂಗಿಸಿದ್ದೆ ನಾನು," ಎಂದರು. "ಹನ್ನೊಂದು. ಅವನ ಎರಡನ್ನ ಒಂದು ದಿನಾನೂ ನಂಬಿರಲಿಲ್ಲ. ಆದರೆ ಅವನ ಮುಖ ನೋಡಿದ್ರೆ ಸುಳ್ಳಾಡ್ತಿದಾನೆ ಅಂತಾನೂ ಅನ್ನಿಸ್ತಿರಲಿಲ್ಲ. ನಾಲ್ಕು ವರ್ಷ ನಿದ್ದೆ ಕೆಡಿಸಿದ ಲೆಕ್ಕ ನೋಡು ಇದು." ಹಾಳೆ ಮಡಿಸಿ ವಾಪಸ್ ಕೊಟ್ಟರು. "ಆರು ಅಂದ್ರೆ ನಾನು ಏನಂತ ಎದ್ದು ನಿಲ್ಲಲಿ? ನಾಲ್ಕು ವಾರ ಆಗ್ತಾ ಬಂತು, ಆ ಸಭೇಲಿ ಜಗಳ ಆಡೋಕೆ ಒಬ್ಬ ಗಂಡಸಿಲ್ಲ."

"ಟೀಚರಮ್ಮ ಇದಾರಲ್ಲ."

"ಅವರು ಬೈಯಲ್ಲಮ್ಮ. ಬೆಂಚಿನ ಮೇಲೆ ನಿಲ್ಲಿಸ್ತಾರೆ."

ಅವಳು ನಕ್ಕಳು. ಯಜಮಾನರು ತಕ್ಕಡಿಯ ಹಿಡಿಯಿಂದ ನೀಲಿ ಪಟ್ಟಿಯನ್ನು ಬಿಚ್ಚಿ, ಕೊಡವಿ, ಸುರುಳಿ ಸುತ್ತಿ ಅವಳ ಕೈಗಿಟ್ಟರು. "ಇದು ನನ್ನದಲ್ಲ."

ಅವಳು ಅದನ್ನು ಚೀಲದ ಒಳಜೇಬಿಗೆ ಹಾಕಿಕೊಂಡಳು. ಬಾಗಿಲ ತನಕ ಹೋದವಳು ನಿಂತಳು.

"ಯಜಮಾನ್ರೇ, ನಿಯಮಕ್ಕೆ ನಮ್ಮ ಬೀದಿ ಪೂರ್ತಿ ತೂಗಬೇಕು. ಇಪ್ಪತ್ತಾರು ಮನೆ. ಈ ತಕ್ಕಡಿ ಎರಡು ವಾರಕ್ಕೆ ಬೇಕಾಗಿತ್ತು."

ಯಜಮಾನರು ಅವಳನ್ನು ನೋಡಿದರು, ತೊಲೆಯಿಂದ ನೇತಾಡುವ ತಕ್ಕಡಿಯನ್ನು ನೋಡಿದರು.

"ಅವನೂ ಎರಡು ವಾರಕ್ಕೆ ಅಂತಲೇ ಕೇಳಿದ್ದ," ಎಂದರು. "ಇವತ್ತೊಂದು ದಿನ ಇಲ್ಲಿರಲಿ. ನಾಳೆ ಬಂದು ತೊಗೊಂಡು ಹೋಗು."